ಮೇಳದವರು ಚಿತ್ರಕ್ಕೆ ಬಂದಾಗ

ಬೆಂಗಳೂರಿನ ಪೂರ್ವಕ್ಕಿರುವ ಸಿ.ವಿ. ರಾಮನ್ ನಗರಕ್ಕೆ ಆ ಹೆಸರು ಏಕೆ ಬಂದಿತೆಂದು ಯಾರನ್ನು ಕೇಳಿದರೂ ಬೆಳಕಿನ ಮಾತನ್ನೇ ಎತ್ತುತ್ತಾರೆ. ಬೆಳಕು ಚದರುವ ಬಗೆಯನ್ನು ಕಂಡುಹಿಡಿದು ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮಹನೀಯರ ಹೆಸರು ಅದು. ರಕ್ಷಣಾ ಇಲಾಖೆಯ ಸಂಶೋಧನಾಲಯಗಳು ಸಾಲುಗಟ್ಟಿ ನಿಂತಿರುವ ಈ ಬಡಾವಣೆಗೆ ಒಪ್ಪುವ ಹೆಸರೇ ಹೌದು. ರಾಮನ್ನರು ಮನೆಮಾಡಿಕೊಂಡಿದ್ದುದು ಇಲ್ಲಲ್ಲ, ಮಲ್ಲೇಶ್ವರದಲ್ಲಿ. ಆ ಮಾತು ಬೇರೆ. ಅವರು ಬೆಳಕನ್ನು ಹೇಗೋ ಹಾಗೆಯೇ ನಾದವನ್ನೂ ಬೆನ್ನಟ್ಟಿದವರೆಂಬುದು ಮಾತ್ರ ಅವರ ಹೆಸರಿನ ಬಡಾವಣೆಯಲ್ಲಿ ವಾಸಿಸುವ ನಮ್ಮಲ್ಲಿಯೇ ಹೆಚ್ಚು ಜನಕ್ಕೆ ತಿಳಿಯದು. ಪಿಟೀಲಿನ ತಂತಿ ಹೇಗೆ ಮಿಡಿಯುತ್ತದೆಂಬುದನ್ನು ಅವರು ವರ್ಷಗಟ್ಟಲೆ ಪರೀಕ್ಷಿಸಿದರು. ೧೯೨೦ರಲ್ಲಿ ಶಿವಕಾಳಿ ಕುಮಾರ್ ಎಂಬುವರೊಡನೆ ‘ನೇಚರ್’ ಪತ್ರಿಕೆಯಲ್ಲಿಯೂ, ೧೯೩೪ರಲ್ಲಿ ಬೆಂಗಳೂರಿನಲ್ಲಿ ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿಯೂ ನಮ್ಮ ಚರ್ಮವಾದ್ಯಗಳನ್ನು ಕುರಿತು ಬರೆದರು.

ಅವರು ಕಂಡದ್ದು ಇಷ್ಟು. ಬಿಗಿದು ಕಟ್ಟಿದ ಬರಿಯ ಚರ್ಮವನ್ನು ಹೊಡೆದರೆ ಹಲವು ಕಂಪನಗಳು ಒಟ್ಟಿಗೆ ಏಳುತ್ತವೆ. ಅವು ಒಂದಕ್ಕೊಂದು ಲೆಕ್ಕದಲ್ಲಿ ಹೊಂದುವುದಿಲ್ಲವಾಗಿ ನಮಗೆ ಕೇಳಿಸುವುದು ಸದ್ದು ಮಾತ್ರ. ಮೃದಂಗದ, ತಬಲದ ಮುಖದ ಮೇಲೆ ಕಪ್ಪಾಗಿ ಮೆತ್ತಿರುವ ಕರಣೆಯಿದೆಯಲ್ಲ, ಆ ಭಾರ ಚರ್ಮದ ಮೇಲೆ ಕುಳಿತು ಕಂಪನಗಳನ್ನು ಹದಕ್ಕೆ ತರುತ್ತದೆ. ಆಗ ಅವು ತಂತಿವಾದ್ಯದ ಸ್ವರಗಳಂತೆ ಒಂದು, ಎರಡು, ಮೂರರ ಕ್ರಮದಲ್ಲಿ ಹೊಂದಿಕೊಳ್ಳುತ್ತವೆ. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಯಾವ ಯಾವ ಗೆರೆಗಳಲ್ಲಿ ಕೂಡಿ ನಿಲ್ಲುತ್ತದೆಂಬುದನ್ನು ನೋಡಿ ಅವರು ಇದನ್ನು ತೋರಿಸಿಕೊಟ್ಟರು. ಈ ಉಪಾಯವನ್ನು ಕಂಡುಕೊಂಡ ನಮ್ಮ ಹಿಂದಿನವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ವಿಜ್ಞಾನದ ಪಾಠ ಸಾಹಿತ್ಯದ ಪುರವಣಿಯಲ್ಲೇಕೆ ಎಂದು ಓದುಗರು ಹುಬ್ಬೇರಿಸಬಹುದು. ನಾನು ಹೇಳಹೊರಟಿರುವುದು ಸದ್ದು ಎಂದು ಹೆಸರಾದ ಒಂದು ಸಂಗೀತದ ಕಥೆ. ಆ ಸದ್ದಿನವರು ವಯಸ್ಸಾದ ಮೇಲೆ ಚಲಚ್ಚಿತ್ರಗಳಿಗೆ ಹಿನ್ನೆಲೆ ಸಂಗೀತವನ್ನು ಕಟ್ಟಲು ಕುಳಿತ ಕಥೆ. ಅದರ ಒಂದು ಎಳೆ ನಮ್ಮ ಹೊಳೆನರಸೀಪುರದ ಕಡೆಗೂ ಬಂದು ಸೇರುತ್ತದೆ ಎಂಬುದೇ ನನ್ನ ಉತ್ಸಾಹಕ್ಕೆ ಕಾರಣ.

ಪಂಕ್ ರಾಕ್ ಎಂಬ ಮಾತನ್ನು ಕೇಳಿದೊಡನೆ ಕನ್ನಡದ ಉಪಾಧ್ಯಾಯನಿಗೆ ಪಂಕವೂ ಪಂಕಜವೂ ನೆನಪಾದರೆ ಅದು ಅವನ ತಪ್ಪಲ್ಲ. ಎರಡು ಶಬ್ದಗಳಿಗೂ ನಂಟಿಲ್ಲ, ಆದರೂ ಅರ್ಥದಲ್ಲಿ ಏನೋ ಹೋಲಿಕೆ ಉಂಟು. ಇಂಗ್ಲಿಷಿನಲ್ಲಿ ಅದು ಪೋಕರಿ, ಕೆಲಸಕ್ಕೆ ಬಾರದವನು ಎಂಬ ಬೈಗುಳ. ೧೯೭೦ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನಲ್ಲಿಯೂ ಲಂಡನ್ನಿನಲ್ಲಿಯೂ ಕೆಲವು ಹುಡುಗರು ಆ ಬೈಗುಳವನ್ನೇ ಬಿರುದಾಗಿ ಕಟ್ಟಿಕೊಂಡರು. ಆ ಹೊತ್ತಿಗೆ ರಾಕ್ ಸಂಗೀತವೂ ದೊಡ್ಡ ಸಿರಿವಂತಿಕೆಯ ವ್ಯಾಪಾರವಾಗಿತ್ತು. ಅರ್ಧ ಗಂಟೆಯ ಗಿಟಾರ್ ಆಲಾಪನೆಗಳು, ಬೆಟ್ಟದಷ್ಟು ಯಂತ್ರಗಳು. ಇವರು ಮೂರೇ ಸ್ವರಮೇಳಗಳನ್ನು ಕಲಿತು, ಎರಡು ಮೂರು ನಿಮಿಷಗಳಲ್ಲಿ ಹೇಳುವುದನ್ನು ಹೇಳಿ ವೇದಿಕೆಯಿಂದ ಇಳಿದುಬಿಟ್ಟರು. ಶಿಕ್ಷಣ ಬೇಡ, ಗುರುವಿನ ಅಪ್ಪಣೆ ಬೇಡ, ಕೋಪವಿದ್ದರೆ ಸಾಕು ಎಂಬುದು ಅವರ ಮತ.

ಇದೇ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ನಡೆಯುತ್ತಿದ್ದುದನ್ನು ಇದರ ಪಕ್ಕದಲ್ಲಿಟ್ಟು ನೋಡುವವರು ಕಡಮೆ. ೧೯೭೫ರಲ್ಲಿ ‘ಸಮುದಾಯ’ ಹುಟ್ಟಿತು. ಅದೇ ವರ್ಷ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಹೊರಬಂದಿತು. ಊರೂರ ಬೀದಿಗಳಲ್ಲಿ ತಮಟೆ ಹಿಡಿದ ತರುಣರು ಯಾವ ವಿದ್ವಾಂಸರ ಅಪ್ಪಣೆಯನ್ನೂ ಕೇಳದೆ ಹಾಡತೊಡಗಿದರು. ಅವರು ಪಂಕ್ ಎಂಬ ಶಬ್ದವನ್ನು ಕೇಳಿರಲಾರರು, ಕೇಳಬೇಕಾಗಿಯೂ ಇರಲಿಲ್ಲ. ಸಭ್ಯರು ಸದ್ದೆಂದು ಕಿವಿ ಮುಚ್ಚಿಕೊಂಡದ್ದು ಮಾತ್ರ ಎರಡು ಕಡೆಯೂ ಒಂದೇ.

ಲಂಡನ್ನಿನ ಆ ಹುಡುಗರಲ್ಲಿ ಜೋ ಸ್ಟ್ರಮ್ಮರ್ ಎಂಬಾತನ ಹೆಸರನ್ನು ನಾವು ಗುರುತಿಟ್ಟುಕೊಳ್ಳಬೇಕು. ‘ದಿ ಕ್ಲ್ಯಾಷ್’ ಎಂಬ ಮೇಳದ ಮುಂದಾಳು. ಹುಟ್ಟಿದ್ದು ೧೯೫೨ರಲ್ಲಿ, ಟರ್ಕಿಯ ಅಂಕಾರಾದಲ್ಲಿ. ಅವನ ತಂದೆ ಹುಟ್ಟಿದ್ದು ನಮ್ಮ ಲಖನೌದಲ್ಲಿ! ಸಾಮ್ರಾಜ್ಯ ಎಲ್ಲೆಲ್ಲಿಂದಲೋ ಜನರನ್ನು ಕೂಡಿಸಿ ಎಲ್ಲೆಲ್ಲಿಯೋ ಚೆಲ್ಲಿತ್ತು. ೧೯೮೬ರ ಹೊತ್ತಿಗೆ ಮೇಳ ಒಡೆಯಿತು. ಮರುವರ್ಷ ಅಲೆಕ್ಸ್ ಕಾಕ್ಸ್ ಎಂಬ ನಿರ್ದೇಶಕನ ‘ವಾಕರ್’ ಚಿತ್ರಕ್ಕೆ ಸ್ಟ್ರಮ್ಮರ್ ಸಂಗೀತವನ್ನು ಕಟ್ಟಿದನು. ಕೂಲಿಪಡೆಯೊಡನೆ ಬಂದು ೧೮೫೬ರಲ್ಲಿ ನಿಕರಾಗುವಾದ ಅಧ್ಯಕ್ಷನೆಂದು ತನ್ನನ್ನು ತಾನೇ ಸಾರಿಕೊಂಡ ಒಬ್ಬ ಅಮೆರಿಕನ್ನನ ಕಥೆ ಅದು. ಚಿತ್ರವನ್ನು ನಿಕರಾಗುವಾದಲ್ಲಿಯೇ, ಅಲ್ಲಿ ಒಳಯುದ್ಧ ನಡೆಯುತ್ತಿದ್ದಾಗಲೇ ತೆಗೆದರು. ಕೇಳುವವರಿಗೆ ಆಶ್ಚರ್ಯವಾಗುವುದು ಅಲ್ಲಿ ಗದ್ದಲವಿಲ್ಲವೆಂಬುದಕ್ಕೆ. ಆ ಭೂಭಾಗದ ತಾಳವಾದ್ಯಗಳು, ಮೆಲುವಾದ ತಂತಿಗಳು, ಹಳ್ಳಿಯ ಹಾಡುಗಳಂಥ ಧಾಟಿಗಳು. ಹತ್ತು ವರ್ಷ ಕೂಗಿದವನು ಚಿತ್ರದ ಹಿಂದೆ ನಿಂತಾಗ ದನಿಯನ್ನು ಇಳಿಸಿದನು.

ಇದು ಒಬ್ಬನ ಸ್ವಭಾವವಲ್ಲ, ಕೆಲಸದ ಸ್ವಭಾವ ಎನ್ನಬೇಕು. ವೇದಿಕೆಯ ಮೇಲೆ ಸಂಗೀತಗಾರನೇ ಒಡೆಯ. ತುಣುಕು ಎಷ್ಟು ಉದ್ದ, ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅವನ ಮನಸ್ಸು. ಚಿತ್ರದಲ್ಲಿ ಕಾಲದ ಅಳತೆ ಬೇರೆಯವರದು. ನಲವತ್ತೇಳು ಸೆಕೆಂಡು ಎಂದರೆ ನಲವತ್ತೇಳು. ಅಷ್ಟರಲ್ಲಿ ಬಾಗಿಲು ತೆರೆಯುತ್ತದೆ, ಒಬ್ಬನು ಮಾತನಾಡತೊಡಗುತ್ತಾನೆ, ಸಂಗೀತ ದಾರಿ ಬಿಡಬೇಕು. ದೊಡ್ಡ ವಿದ್ವಾಂಸರಿಗೂ ಇದು ಸುಲಭವಾಗಿರಲಿಲ್ಲ. ಸತ್ಯಜಿತ್ ರಾಯ್ ಅವರು ‘ಪಥೇರ್ ಪಾಂಚಾಲಿ’ಗೆ ರವಿಶಂಕರರನ್ನೂ, ‘ಜಲಸಾಘರ್’ಗೆ ವಿಲಾಯತ್ ಖಾನರನ್ನೂ, ‘ದೇವಿ’ಗೆ ಅಲಿ ಅಕ್ಬರ್ ಖಾನರನ್ನೂ ಕರೆದರು. ಕೊನೆಗೆ ೧೯೬೧ರ ‘ತೀನ್ ಕನ್ಯಾ’ದಿಂದ ಸಂಗೀತವನ್ನು ತಾವೇ ರಚಿಸತೊಡಗಿದರು. ಮಹಾವಿದ್ವಾಂಸರ ನಿಷ್ಠೆ ಅವರ ರಾಗಕ್ಕಿರುತ್ತದೆ, ನಿರ್ದೇಶಕನ ದೃಶ್ಯಕ್ಕಲ್ಲ. ಇದನ್ನು ವಿದ್ವಾಂಸರ ದೋಷವೆಂದು ಎಣಿಸಬೇಕಾದುದಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆ ಎದ್ದದ್ದು ೧೯೭೦ರ ‘ಸಂಸ್ಕಾರ’ದಲ್ಲಿ. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಕಾರ್ನಾಡರ ಚಿತ್ರಕಥೆ, ಆಸ್ಟ್ರೇಲಿಯಾದ ಟಾಮ್ ಕೋವನ್ನರ ಛಾಯಾಗ್ರಹಣ. ಪ್ರಾಣೇಶಾಚಾರ್ಯರಾಗಿ ಕಾರ್ನಾಡರು, ನಾರಣಪ್ಪನಾಗಿ ಲಂಕೇಶರು, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರು. ಸಂಗೀತಕ್ಕೆ ಬಂದವರು ಚಿತ್ರೋದ್ಯಮದವರಲ್ಲ: ರಾಜೀವ ತಾರಾನಾಥರು. ಪಂಡಿತ ತಾರಾನಾಥರ ಮಗ, ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ, ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದ್ ಹಿಡಿದವರು. ಮದರಾಸಿನ ಸೆನ್ಸಾರಿನವರು ಚಿತ್ರವನ್ನು ತಡೆದರು. ಜಾತಿಯ ಮನಸ್ತಾಪ ಏಳುತ್ತದೆಂಬ ಹೆದರಿಕೆ. ಕಡೆಗೆ ತಡೆ ತೆರವಾಗಿ, ಅದೇ ಚಿತ್ರ ರಾಷ್ಟ್ರಪತಿಗಳ ಸ್ವರ್ಣಪದಕವನ್ನು ತಂದಿತು. ಹೊರಗಿನಿಂದ ಬಂದ ಸಂಗೀತಗಾರ, ಹೊರಗೆ ಬರಲಾಗದ ಚಿತ್ರ: ಈ ಜೋಡಣೆಯನ್ನು ಓದುಗರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ. ರಾಜೀವ ತಾರಾನಾಥರು ಆಮೇಲೆ ಅರವಿಂದನ್ನರ ‘ಕಾಂಚನ ಸೀತ’ಕ್ಕೂ ಸಂಗೀತ ಕೊಟ್ಟರು. ೨೦೨೪ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ರಂಗಭೂಮಿಯಿಂದ ಹೀಗೆಯೇ ಬಂದ ಬಿ.ವಿ. ಕಾರಂತರು ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ಗಳಿಗೆ ಒಂದರ ಹಿಂದೊಂದು ವರ್ಷ ರಾಷ್ಟ್ರಪ್ರಶಸ್ತಿ ಪಡೆದರು.

ಈಗ ಹೊಳೆನರಸೀಪುರದ ಎಳೆಗೆ ಬರುತ್ತೇನೆ.

ಎಚ್. ಯೋಗನರಸಿಂಹಂ ಎಂಬ ಹೆಸರು ಸಂಗೀತ ಬಲ್ಲ ಹಿರಿಯರಿಗೆ ಗೊತ್ತಿದೆ. ೧೮೯೭ರಿಂದ ೧೯೭೧ರ ವರೆಗೆ ಬದುಕಿದವರು. ಸಂಸ್ಕೃತ ವಿದ್ವಾಂಸರು, ಉಪಾಧ್ಯಾಯರು, ಸಂಗೀತ ವಿಮರ್ಶಕರು, ಎಲ್ಲಕ್ಕಿಂತ ಹೆಚ್ಚಾಗಿ ವಾಗ್ಗೇಯಕಾರರು. ಹಳೆಯ ಮೈಸೂರಿನಲ್ಲಿ ಇಂಥ ಮನೆತನಗಳು ಕೆಲವಿದ್ದವು. ಬೆಳಗ್ಗೆ ಪಾಠ, ಸಂಜೆ ಶ್ರುತಿಪೆಟ್ಟಿಗೆ, ನಡುವೆ ಮಕ್ಕಳ ಮುಂದೆ ಕಾಳಿದಾಸ ಎಂಬಂಥ ಮನೆಗಳು. ಅವರ ಮಕ್ಕಳಲ್ಲಿ ಹಿರಿಯರಾದ ಎಚ್.ವೈ. ಶಾರದಾಪ್ರಸಾದರು ೧೯೪೨ರ ಚಳವಳಿಯಲ್ಲಿ ಸೆರೆಮನೆ ಕಂಡರು. ಮುಂದೆ ದೆಹಲಿಯಲ್ಲಿ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾದರು. ಕಾರಂತರ ‘ಕುಡಿಯರ ಕೂಸು’ ಕಾದಂಬರಿಯನ್ನು ಇಂಗ್ಲಿಷಿಗೆ ತಂದರು. ನಾರಾಯಣ ದತ್ತರು ಹಿಂದಿಯ ‘ನವನೀತ’ದ ಸಂಪಾದಕರಾದರು. ಕನ್ನಡದ ಮನೆಯಿಂದ ಹೋಗಿ ಹಿಂದಿಯ ಮಾಸಪತ್ರಿಕೆಯನ್ನು ನಡೆಸಿದ್ದು ಸಣ್ಣ ಸಂಗತಿಯಲ್ಲ. ಎಚ್.ವೈ. ಮೋಹನರಾಮ್ ಅವರು ಮೈಸೂರಿನಲ್ಲಿ ಹುಟ್ಟಿ ಓದಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನದ ಹೆಸರಾಂತ ಪ್ರಾಧ್ಯಾಪಕರಾದರು, ೨೦೧೮ರಲ್ಲಿ ಕಾಲವಾದರು. ಈ ಮೋಹನರಾಮ್ ಅವರ ಮಗ ರಾಹುಲ್ ರಾಮ್, ದೆಹಲಿಯ ‘ಇಂಡಿಯನ್ ಓಷನ್’ ಎಂಬ ರಾಕ್ ಮೇಳದ ಗಾಯಕ, ಮಂದ್ರಸ್ಥಾಯಿಯ ಗಿಟಾರ್ ವಾದಕ.

ವಾಗ್ಗೇಯಕಾರರ ಮೊಮ್ಮಗ ರಾಕ್ ಮೇಳ ಸೇರಿದನೆಂದು ತಲೆಯ ಮೇಲೆ ಕೈಹೊತ್ತುಕೊಳ್ಳುವವರು ಸ್ವಲ್ಪ ತಾಳಬೇಕು. ರಾಹುಲ್ ರಾಮ್ ಅವರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಷಗಳನ್ನು ಕುರಿತು ಡಾಕ್ಟರೇಟ್ ಮಾಡಿದವರು. ಹಿಂತಿರುಗಿ ಬಂದು ನೌಕರಿ ಹಿಡಿಯಲಿಲ್ಲ. ನರ್ಮದೆಯ ಕಣಿವೆಗೆ ಹೋಗಿ, ಅಣೆಕಟ್ಟಿನಿಂದ ಊರು ಕಳೆದುಕೊಳ್ಳುತ್ತಿದ್ದ ಜನರ ಚಳವಳಿಯಲ್ಲಿ ವರ್ಷಗಟ್ಟಲೆ ದುಡಿದರು. ಆ ಕಣಿವೆಯಲ್ಲಿ ಜನ ನದಿಯನ್ನು ಕುರಿತು ಹಾಡುವ ಹಾಡು ‘ಮಾ ರೇವಾ’ ಆಗಿ ಮೇಳಕ್ಕೆ ಬಂದಿತು. ಅದು ಇರುವ ‘ಕಂಡೀಸ’ ಎಂಬ ಸಂಪುಟ ೨೦೦೦ದಲ್ಲಿ ಹೊರಟಿತು. ಕಂಡೀಸ ಎಂಬುದು ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ, ಭಾಷೆ ಅರಮಾಯಿಕ್. ರಾಕ್ ಮೇಳವೊಂದು ಅದನ್ನು ಹಾಡುವುದೆಂದು ಯಾರು ಊಹಿಸಿದ್ದರು?

ಮೇಳದ ಮೂಲ ಪುರುಷರು ಇಬ್ಬರು: ಗಿಟಾರಿನ ಸುಸ್ಮಿತ್ ಸೇನ್, ತಬಲ ನುಡಿಸುತ್ತ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ. ಅವರು ೧೯೮೪ರಲ್ಲಿ ಜೊತೆಗೂಡಿದರು. ಮೇಳಕ್ಕೆ ಹೆಸರು ಬಂದದ್ದು ೧೯೯೦ರಲ್ಲಿ. ರಾಹುಲ್ ರಾಮ್ ೧೯೯೧ರಲ್ಲಿ, ಡ್ರಮ್ಮಿನ ಅಮಿತ್ ಕಿಲಂ ೧೯೯೪ರಲ್ಲಿ ಸೇರಿದರು. ಇವರನ್ನು ಪಂಕ್ ಎಂದು ಕರೆದರೆ ಅವರೂ ಒಪ್ಪಲಾರರು, ಲಂಡನ್ನಿನವರೂ ಒಪ್ಪಲಾರರು. ಇವರ ತುಣುಕುಗಳು ಉದ್ದ, ತಾಳದ ಲೆಕ್ಕ ಬಿಗಿ, ಆಲಾಪನೆಗೆ ಧಾರಾಳ ಅವಕಾಶ. ಹೋಲಿಕೆಯಿರುವುದು ಸ್ವಾತಂತ್ರ್ಯದಲ್ಲಿ. ಚಿತ್ರಗೀತೆಯಲ್ಲದ ಸಂಗೀತಕ್ಕೆ ಈ ದೇಶದಲ್ಲಿ ಮಾರುಕಟ್ಟೆ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ ಇವರು ಹತ್ತು ವರ್ಷ ಹಠ ಹಿಡಿದು ತಮ್ಮದನ್ನೇ ನುಡಿಸಿದರು. ಒಂದು ಕಡೆ ಅಶೀಮರ ತಬಲ, ಇನ್ನೊಂದು ಕಡೆ ಅಮಿತರ ಡ್ರಮ್ಮು. ಕರಣೆ ಇರುವ ಚರ್ಮ, ಕರಣೆ ಇಲ್ಲದ ಚರ್ಮ ಎರಡನ್ನೂ ಒಂದೇ ವೇದಿಕೆಯ ಮೇಲೆ ಇಟ್ಟು ಕೇಳುವ ಅವಕಾಶ ರಾಮನ್ನರಿಗೆ ಸಿಕ್ಕಿದ್ದರೆ, ಅವರು ಮರಳಿನ ಪೊಟ್ಟಣ ತರಿಸುತ್ತಿದ್ದರೋ ಏನೋ.

ಈ ಮೇಳ ಹೀಗೆ ಪಳಗಿದ ಮೇಲೆ ‘ಬ್ಲ್ಯಾಕ್ ಫ್ರೈಡೇ’ ಬಂದಿತು.

೧೯೯೩ರ ಮಾರ್ಚ್ ೧೨, ಶುಕ್ರವಾರ. ಮುಂಬಯಿಯಲ್ಲಿ ಒಂದರ ಹಿಂದೊಂದು ಬಾಂಬುಗಳು ಸಿಡಿದು ೨೫೭ ಜನ ಸತ್ತರು. ಅದರ ಹಿಂದೆ ಅಯೋಧ್ಯೆಯ ೧೯೯೨ರ ಡಿಸೆಂಬರ್, ಆಮೇಲೆ ಮುಂಬಯಿಯಲ್ಲಿ ಎರಡು ಸಾರಿ ಎದ್ದ ಗಲಭೆ. ಇದನ್ನೆಲ್ಲ ಶೋಧಿಸಿ ಎಸ್. ಹುಸೇನ್ ಜೈದಿ ಎಂಬ ಪತ್ರಿಕಾ ವರದಿಗಾರರು ೨೦೦೨ರಲ್ಲಿ ಪುಸ್ತಕ ಬರೆದರು. ಅನುರಾಗ್ ಕಶ್ಯಪ್ ಅದನ್ನು ಚಿತ್ರ ಮಾಡಿದರು. ವಸ್ತು ಎಂಥದೆಂದು ಯೋಚಿಸಬೇಕು. ಸತ್ತವರ ಮನೆಯವರು ಇದ್ದಾರೆ, ಆರೋಪಿಗಳ ವಿಚಾರಣೆ ಇನ್ನೂ ನಡೆಯುತ್ತಿದೆ, ಹೆಸರುಗಳೆಲ್ಲ ನಿಜವಾದವು. ಇಂಥ ಕಥೆಗೆ ಹಿನ್ನೆಲೆಯಲ್ಲಿ ಏನು ನುಡಿಸಬೇಕು? ಪಿಟೀಲುಗಳ ಸಮೂಹವನ್ನು ಅಳಿಸಿದರೆ ಸತ್ತವರಿಗೆ ಅವಮಾನ. ನಗಾರಿ ಬಾರಿಸಿ ಹೆದರಿಸಿದರೆ ಪೋಲೀಸರ ಕಥೆಯಾಗುತ್ತದೆ. ಒಂದು ಕೋಮಿನ ಧಾಟಿ ಕೇಳಿಸಿದರೆ ತೀರ್ಪು ಕೊಟ್ಟಂತಾಗುತ್ತದೆ. ಇಲ್ಲಿ ಸಂಗೀತ ಒಂದು ತಪ್ಪು ಹೆಜ್ಜೆ ಇಟ್ಟರೂ ಅದು ಅಭಿರುಚಿಯ ತಪ್ಪಾಗಿ ಉಳಿಯುವುದಿಲ್ಲ.

ಕಶ್ಯಪ್ ಹಾಡುಗಳನ್ನೂ ಹಿನ್ನೆಲೆಯನ್ನೂ ಇಂಡಿಯನ್ ಓಷನ್ನಿಗೆ ವಹಿಸಿದರು. ಮಾತುಗಳನ್ನು ಬರೆದವರು ದೆಹಲಿಯ ರಂಗಭೂಮಿಯಿಂದ ಬಂದ ಪೀಯೂಷ್ ಮಿಶ್ರ. ಅವರ ‘ಬಂದೇ’ ಎಂಬ ಹಾಡು ಹೆಸರಾಯಿತು. ಅದು ಯಾರನ್ನೂ ಹಳಿಯುವುದಿಲ್ಲ, ಯಾರ ಪರವನ್ನೂ ವಹಿಸುವುದಿಲ್ಲ. ಕೈಯೆತ್ತಿದ ಮನುಷ್ಯನನ್ನು, ಯಾವ ಕೋಮಿನವನಾದರೂ ಸರಿ, ನಿಲ್ಲೆಂದು ಬೇಡುತ್ತದೆ. ರಾಹುಲ್ ರಾಮ್ ಅವರ ಒರಟಾದ ಕಂಠದಲ್ಲಿ ಆ ಬೇಡಿಕೆಗೆ ಉಪದೇಶದ ವಾಸನೆ ಹತ್ತುವುದಿಲ್ಲ. ನುರಿತ ಹಿನ್ನೆಲೆ ಗಾಯಕರೊಬ್ಬರು ಅದನ್ನೇ ಸೊಗಸಾಗಿ ಹಾಡಿದ್ದರೆ ಕೆಟ್ಟೇ ಹೋಗುತ್ತಿತ್ತೆಂದು ನನಗೆ ತೋರುತ್ತದೆ. ಕಂಠ ನಯವಾಗಿಲ್ಲದ್ದು ಅಲ್ಲಿ ಒಂದು ಪ್ರಾಮಾಣಿಕತೆ. ನರ್ಮದೆಯ ಕಣಿವೆಯಲ್ಲಿ ಧ್ವನಿವರ್ಧಕವಿಲ್ಲದೆ ಜನರ ನಡುವೆ ಕುಳಿತು ಹಾಡಿ ಬಂದ ಗಂಟಲು ಅದು.

ಹಿನ್ನೆಲೆಯಲ್ಲಿ ಮೇಳ ತನ್ನ ರೂಢಿಯನ್ನೆಲ್ಲ ಬಿಡಬೇಕಾಯಿತು. ವೇದಿಕೆಯ ಮೇಲೆ ಹತ್ತು ನಿಮಿಷ ಹಬ್ಬುತ್ತಿದ್ದ ಮಾತನ್ನು ಇಲ್ಲಿ ಎರಡು ಆವರ್ತದಲ್ಲಿ ಹೇಳಬೇಕು, ಕೆಲವೊಮ್ಮೆ ಹೇಳಲೇಬಾರದು. ಆ ಚಿತ್ರದಲ್ಲಿ ಪೋಲೀಸರು ಒಬ್ಬ ಆರೋಪಿಯನ್ನು ಧಾರಾವಿಯ ಗಲ್ಲಿಗಳಲ್ಲಿ ಅಟ್ಟಿಸಿಕೊಂಡು ಹೋಗುವ ದೃಶ್ಯವೊಂದಿದೆ. ಸುಮಾರು ಹನ್ನೆರಡು ನಿಮಿಷ. ಸಾಹಸದ ಚಿತ್ರವಾಗಿದ್ದರೆ ಓಟ ಏರುತ್ತ ಹೋಗಬೇಕಾಗಿತ್ತು. ಇಲ್ಲಿ ಓಡುವವನೂ ಬಳಲುತ್ತಾನೆ, ಬೆನ್ನಟ್ಟುವವರೂ ಬಳಲುತ್ತಾರೆ. ಕೊನೆಕೊನೆಗೆ ಎಲ್ಲರೂ ಏದುಸಿರು ಬಿಡುತ್ತ ನಡೆದಾಡುವ ಸ್ಥಿತಿಗೆ ಬರುತ್ತಾರೆ. ನಗು ಬರುತ್ತದೆ, ನಕ್ಕಿದ್ದಕ್ಕೆ ನಾಚಿಕೆಯೂ ಆಗುತ್ತದೆ. ‘ಸ್ಲಮ್‌ಡಾಗ್ ಮಿಲಿಯನೇರ್’ ತೆಗೆದ ಡ್ಯಾನಿ ಬಾಯ್ಲ್ ತಮ್ಮ ಚಿತ್ರಕ್ಕೆ ಈ ಓಟವೇ ಮಾದರಿ ಎಂದು ಒಪ್ಪಿಕೊಂಡಿದ್ದಾರೆ. ಲೋಕ ಮೆಚ್ಚಿದ್ದು ಆ ಎರಡನೆಯ ಚಿತ್ರವನ್ನು ಎಂಬುದು ಬೇರೆ ಮಾತು.

೨೦೦೪ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಚಿತ್ರವನ್ನು ತೋರಿಸಿದರು. ೨೦೦೫ರ ಜನವರಿ ಕೊನೆಗೆ ಇಲ್ಲಿ ಬಿಡುಗಡೆಯಾಗಬೇಕು. ಆರೋಪಿಗಳ ಕಡೆಯಿಂದ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹೋಯಿತು: ವಿಶೇಷ ನ್ಯಾಯಾಲಯ ತೀರ್ಪು ಕೊಡುವ ಮುನ್ನವೇ ಪರದೆಯ ಮೇಲೆ ತೀರ್ಪು ಬಂದರೆ ತಮಗೆ ನ್ಯಾಯ ಸಿಗುವುದೆಂತು? ನ್ಯಾಯಾಲಯ ಬಿಡುಗಡೆಯನ್ನು ತಡೆಯಿತು. ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನೇಣಿನ ನೆರಳಿನಲ್ಲಿ ನಿಂತವನಿಗೂ ಪಕ್ಷಪಾತವಿಲ್ಲದ ವಿಚಾರಣೆಯ ಹಕ್ಕು ಉಂಟು; ಕಲೆಯ ಸ್ವಾತಂತ್ರ್ಯವನ್ನು ಎತ್ತಿ ಹೇಳುವ ನಮ್ಮಂಥವರು ಅದನ್ನು ಮರೆಯುವುದೇ ಹೆಚ್ಚು. ‘ಸಂಸ್ಕಾರ’ವನ್ನು ತಡೆದ ಅಂಜಿಕೆಗೂ ಈ ತಡೆಗೂ ವ್ಯತ್ಯಾಸವಿದೆಯೆಂದೇ ನನ್ನ ಅಭಿಪ್ರಾಯ. ವಿಶೇಷ ನ್ಯಾಯಾಲಯ ೨೦೦೬ರ ಸೆಪ್ಟೆಂಬರಿನಲ್ಲಿ ತೀರ್ಪು ಹೇಳತೊಡಗಿತು. ೨೦೦೭ರ ಫೆಬ್ರವರಿ ೯ರಂದು ಚಿತ್ರ ಹೊರಬಂದಿತು.

ಆ ಎರಡು ವರ್ಷ ಚಿತ್ರ ಡಬ್ಬಿಯಲ್ಲಿದ್ದರೂ ಅದರ ಸಂಗೀತ ಡಬ್ಬಿಯಲ್ಲಿರಲಿಲ್ಲ. ಸಂಪುಟ ೨೦೦೫ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ಮೇಳ ಊರೂರಿಗೆ ಹೋದಲ್ಲೆಲ್ಲ ‘ಬಂದೇ’ ಹಾಡುತ್ತಿತ್ತು. ನೋಡದ ಚಿತ್ರದ ಹಾಡು ಕಾಲೇಜಿನ ಹುಡುಗರ ಬಾಯಲ್ಲಿತ್ತು. ಚಿತ್ರದ ಬೆನ್ನ ಹಿಂದೆ ನಿಲ್ಲಬೇಕಾದ ಸಂಗೀತ ಮುಂದೆ ನಡೆದು, ಬರಲಾರದ ಚಿತ್ರದ ಪರವಾಗಿ ಸಾಕ್ಷಿ ನುಡಿಯಿತು. ಚಿತ್ರೋದ್ಯಮದ ಸಂಗೀತ ನಿರ್ದೇಶಕರು ಯಾರೇ ಆಗಿದ್ದರೂ ಇದು ಆಗುತ್ತಿರಲಿಲ್ಲ. ಅವರ ಹಾಡು ಚಿತ್ರದ ಸ್ವತ್ತು. ಚಿತ್ರ ಸೆರೆಯಾದರೆ ಹಾಡೂ ಸೆರೆ. ಇವರಿಗೆ ಮಾತ್ರ ಚಿತ್ರದ ಆಚೆ ಒಂದು ವೇದಿಕೆ ಇತ್ತು, ತಮ್ಮ ಶ್ರೋತೃಗಳಿದ್ದರು. ಹತ್ತು ವರ್ಷ ಹಠ ಹಿಡಿದದ್ದರ ಫಲವದು.

ಆಮೇಲೆ ಚಿತ್ರಗಳಿಂದ ಅವರಿಗೆ ಕರೆ ಬರುತ್ತಲೇ ಇದ್ದವು. ೨೦೧೦ರ ‘ಪೀಪ್ಲಿ ಲೈವ್’ನಲ್ಲಿ ಹಾಡುಗಳು. ೨೦೧೫ರಲ್ಲಿ ಕಾನ್ ಉತ್ಸವದಲ್ಲಿ ಎರಡು ಬಹುಮಾನ ಪಡೆದ ನೀರಜ್ ಘಾಯ್ವಾನರ ‘ಮಸಾನ್’ ಚಿತ್ರದ ಹಾಡುಗಳು ಇವರವು. ಹಿನ್ನೆಲೆ ಸಂಗೀತ ಮಾತ್ರ ಫ್ರಾನ್ಸಿನ ಬ್ರೂನೋ ಕೂಲೇ ಅವರದು. ಕಾಶಿಯ ಹೆಣ ಸುಡುವ ಘಟ್ಟದ ಕಥೆ ಅದು. ಹಾಡುಗಳು ಸೊಗ��ಾಗಿವೆ. ಆದರೆ ಹಾಡನ್ನು ಒಬ್ಬರಿಗೆ, ಹಿನ್ನೆಲೆಯನ್ನು ಇನ್ನೊಬ್ಬರಿಗೆ ಹಂಚಿದಾಗ ‘ಬ್ಲ್ಯಾಕ್ ಫ್ರೈಡೇ’ಯಲ್ಲಿದ್ದ ಒಡಲೊಂದೇ ಎಂಬ ಭಾವ ಬರುವುದಿಲ್ಲವೆಂಬುದು ನನ್ನ ಕಿವಿಯ ಮಾತು. ಒಪ್ಪದವರು ಎರಡನ್ನೂ ಕೇಳಿ ನೋಡಬಹುದು.

ಕನ್ನಡದಲ್ಲಿ? ನಮ್ಮ ದಂಡು ಪ್ರದೇಶದ ಊರಿಗೆ ಗಿಟಾರು ಹೊಸತಲ್ಲ. ಅರಮನೆ ಮೈದಾನದಲ್ಲಿ ೨೦೦೩ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದರು, ೨೦೦೭ರಲ್ಲಿ ಐರನ್ ಮೇಡನ್ ಬಂದಿತು. ಇಂದಿರಾನಗರದ ಸಂಜೆಗಳ ಸದ್ದಿನ ಬಗ್ಗೆ ಅಲ್ಲಿಯ ನಿವಾಸಿಗಳನ್ನೇ ಕೇಳಬೇಕು. ‘ಸಂಸ್ಕಾರ’ದ ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ದಂಪತಿಗಳ ಮಗ ಕೋನಾರ್ಕ್ ರೆಡ್ಡಿಯವರು ಗಿಟಾರನ್ನೇ ಬದುಕಾಗಿಸಿಕೊಂಡವರು. ಮೇಳ ಕಟ್ಟಿದವರಲ್ಲಿ ಚಿತ್ರಕ್ಕೆ ಎದ್ದುಕಾಣುವಂತೆ ಬಂದವರೆಂದರೆ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್. ಸೂಕ್ಷ್ಮಜೀವಿ ವಿಜ್ಞಾನದ ಪದವೀಧರರು, ಭರತನಾಟ್ಯ ಕಲಿತವರು. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ, ತತ್ತ್ವಪದವನ್ನು ಕೇಳದ ಹುಡುಗರಿಗೂ ಕೇಳಿಸಿದರು. ೨೦೦೮ರ ‘ಸೈಕೋ’, ೨೦೧೦ರ ‘ಜಸ್ಟ್ ಮಾತ್ ಮಾತಲ್ಲಿ’ ಅವರ ಸಂಗೀತದ ಚಿತ್ರಗಳು. ಹಾಡುಗಳು ಮನೆಮಾತಾದವು; ಚಿತ್ರಗಳನ್ನು ಅಷ್ಟು ಜನ ನೆನೆಯುವುದಿಲ್ಲ. ತಪ್ಪು ಸಂಗೀತಗಾರರದಲ್ಲ. ಮೇಳದವರಿಂದ ನಮ್ಮ ನಿರ್ಮಾಪಕರು ಕೇಳುವುದು ಜನಪ್ರಿಯವಾಗುವ ಒಂದೆರಡು ಹಾಡು. ಕಶ್ಯಪ್ ಕೇಳಿದ್ದು ಒಂದು ಚಿತ್ರದ ಉಸಿರನ್ನು. ‘ಸಂಸ್ಕಾರ’ದ ಕಾಲದಲ್ಲಿ ಸರೋದಿಗೆ ಕೊಟ್ಟಿದ್ದ ಸಲಿಗೆಯನ್ನು ಗಿಟಾರಿಗೂ ಕೊಡುವಂಥ ವಸ್ತು, ಅಂಥ ಧೈರ್ಯ ಕನ್ನಡದಲ್ಲಿ ಇಲ್ಲವೇ? ವಸ್ತುಗಳಿಗಂತೂ ಬರವಿಲ್ಲ.

ಇನ್ನೊಂದು ಮಾತು. ಯೋಗನರಸಿಂಹಂ ಅವರ ಕೃತಿಗಳನ್ನು ಮೈಸೂರಿನ ಪರಂಪರೆ ಎಂದು ಎಣಿಸುವ ನಾವು ಅವರ ಮೊಮ್ಮಗನ ಹಾಡನ್ನು ದೆಹಲಿಯವರ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಹಿಂದಿಯಲ್ಲಿದೆ, ಗಿಟಾರಿದೆ, ಮುಗಿಯಿತು. ಹೊರನಾಡಿಗೆ ಹೋದ ಕನ್ನಡಿಗರ ಚರಿತ್ರೆಯನ್ನು ನಾವು ಅಲ್ಲಿಯ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಹುಡುಕುತ್ತೇವೆ. ಮನೆಯೊಂದರ ಸಂಗೀತ ಎರಡು ತಲೆಮಾರು ದಾಟಿ, ಭಾಷೆ ಬದಲಿಸಿ, ವಾದ್ಯ ಬದಲಿಸಿ ಎಲ್ಲಿ ತಲೆಯೆತ್ತಿತೆಂದು ನೋಡುವ ಅಭ್ಯಾಸ ನಮಗಿಲ್ಲ. ಮೇಳದ ೨೦೧೪ರ ಸಂಪುಟದ ಹೆಸರು ‘ತಂದಾನು’. ಹಳ್ಳಿಯ ಹಾಡುಗಳ ಸೊಲ್ಲನ್ನು ಕೇಳಿ ಬಲ್ಲ ಕನ್ನಡಿಗರಿಗೆ ಆ ಶಬ್ದದ ಪರಿಚಯ ಮಾಡಿಸಬೇಕಾಗಿಲ್ಲ.

ಆ ಸಂಪುಟದ ಹೊತ್ತಿಗೆ ಅಶೀಮ್ ಚಕ್ರವರ್ತಿ ಇರಲಿಲ್ಲ. ೨೦೦೯ರ ಡಿಸೆಂಬರ್ ೨೫ರಂದು ಅವರು ತೀರಿಕೊಂಡರು. ಮೇಳದವರು ಅಭ್ಯಾಸ ಮಾಡುತ್ತಿದ್ದುದು ದೆಹಲಿಯ ಕರೋಲ್ ಬಾಗ್‌ನಲ್ಲಿದ್ದ ಒಂದು ಹಳೆಯ ಬಂಗಲೆಯಲ್ಲಿ. ಅಶೀಮರು ಇದ್ದಾಗ ಧ್ವನಿಮುದ್ರಿಸಿಟ್ಟಿದ್ದ ಹಾಡುಗಳನ್ನು ಆ ಬಂಗಲೆಯ ವಿಳಾಸವನ್ನೇ ಹೆಸರಾಗಿಸಿ, ‘೧೬/೩೩೦ ಖಜೂರ್ ರೋಡ್’ ಎಂದು, ೨೦೧೦ರಿಂದ ತಿಂಗಳಿಗೊಂದರಂತೆ ಕಾಸು ಕೇಳದೆ ಜನಕ್ಕೆ ಹಂಚಿದರು. ಸುಸ್ಮಿತ್ ಸೇನ್ ೨೦೧೩ರಲ್ಲಿ ಮೇಳವನ್ನು ಬಿಟ್ಟರು. ಅಶೀಮರ ಜಾಗದಲ್ಲಿ ಈಗ ತುಹೀನ್ ಚಕ್ರವರ್ತಿ ತಬಲಕ್ಕೆ ಕುಳಿತುಕೊಳ್ಳುತ್ತಾರೆ, ಹಾಡಿಗೆ ಹಿಮಾಂಶು ಜೋಶಿ, ಗಿಟಾರಿಗೆ ನಿಖಿಲ್ ರಾವ್. ‘ಬಂದೇ’ಯನ್ನು ರಾಹುಲ್ ರಾಮ್ ಹಾಡುತ್ತಾರೆ.